ಐದು ಮನೆ ಕೆಳಗೆ

ಇನ್ನು ಹಾಡಬಹುದು ಎಂದು ವೈದ್ಯರು ಹೇಳಿದ ಮೇಲೆ ನಮ್ಮ ಬ್ಯಾಂಡಿನ ಹಾಡುಗಾರ ಮೊದಲ ಸಲ ದನಿ ತೆಗೆದದ್ದು ಕೆರಗೋಡಿನಲ್ಲಿ, ಅವನ ಮನೆಯ ಹಿಂದಿನ ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಗೂಡು ಮಾರುಕಟ್ಟೆಗೆ ಹೋಗಿಯಾಗಿತ್ತು. ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟು, ನೆಲಕ್ಕೆ ಬ್ಲೀಚಿಂಗ್ ಪುಡಿ ಎರಚಿ, ಕಿಟಕಿ ಬಾಗಿಲು ತೆರೆದುಬಿಟ್ಟಿದ್ದರು. ಮುಂದಿನ ಬೆಳೆಯ ಮರಿಹುಳು ಬರುವ ತನಕ ಆ ಮನೆ ನಮ್ಮದು. ಹುಳು ಒಳಗಿದ್ದಾಗ ಅಲ್ಲಿ ಜೋರಾಗಿ ಮಾತಾಡುವುದಕ್ಕೂ ಅವನ ತಾಯಿ ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ತಾಲೀಮು ಯಾವತ್ತೂ ಒಂದು ಬೆಳೆಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲೇ.

ನಾವು ನಾಲ್ವರು. ಹಾಡುಗಾರ ಹಾಡುವುದರ ಜೊತೆಗೆ ಒಂದು ಗಿಟಾರ್ ನುಡಿಸುತ್ತಿದ್ದ. ಇನ್ನೊಂದು ಗಿಟಾರ್ ನನ್ನದು. ಹಾಡುಗಳನ್ನು ಜೋಡಿಸಿ ಕಟ್ಟುವ ಕೆಲಸವೂ ನನ್ನದೇ. ದಪ್ಪ ಸ್ವರದ ಬೇಸ್ ಗಿಟಾರ್ ನುಡಿಸುವವರು ಮದ್ದೂರಿನ ಹೈಸ್ಕೂಲಿನ ಗಣಿತದ ಮೇಷ್ಟ್ರು. ಡ್ರಮ್ಮಿನವನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಬತ್ತದ ತಾಕುಗಳಲ್ಲಿ ಕೆಲಸಕ್ಕಿದ್ದ. ನಾವು ನುಡಿಸುತ್ತಿದ್ದದ್ದು ಅಮೆರಿಕದ ದಕ್ಷಿಣ ಸೀಮೆಯ ರಾಕ್. ಎರಡು ಗಿಟಾರುಗಳು ಒಂದೇ ರಾಗವನ್ನು ಸ್ವಲ್ಪ ಮೇಲೆ ಕೆಳಗೆ ಹಿಡಿದು ಜೋಡೆತ್ತಿನ ಹಾಗೆ ಒಟ್ಟಿಗೆ ಸಾಗುವುದು ಅದರ ಲಕ್ಷಣ. ಅಲ್ಲಿಯವರೂ ಹೊಲದ ಜನ, ಮಾತನ್ನು ಎಳೆದು ಎಳೆದು ಆಡುವವರು, ಅದಕ್ಕೇ ಅದು ನಮ್ಮ ಬಾಯಿಗೆ ಹತ್ತಿತು ಎಂದು ಮೇಷ್ಟ್ರು ಹೇಳುತ್ತಿದ್ದರು. ಹಾಡುಗಳೆಲ್ಲ ನಮ್ಮವೇ, ಮಂಡ್ಯದ ಮಾತಿನಲ್ಲೇ.

ಅವತ್ತು ಶುರು ಮಾಡಿದ್ದು ‘ನೀರ್ ಬಂತು ಕಣ್ಲಾ’ ಎಂಬ ಹಾಡನ್ನು. ನಾಲೆಗೆ ನೀರು ಬಿಟ್ಟಾಗ ಮೇಲಿನ ಗದ್ದೆಯವನು ಕೆಳಗಿನ ಗದ್ದೆಯವನನ್ನು ಕೂಗಿ ಕರೆಯುವ ಹಾಡು ಅದು. ಹಾಡಿನ ನಡುವೆ ವಾದ್ಯಗಳೆಲ್ಲ ನಿಲ್ಲುತ್ತವೆ, ‘ನೀರ್ ಬಂತೂ’ ಎಂದು ಒಂದು ಕೂಗು ಮೇಲೇಳುತ್ತದೆ, ಅದು ಇಳಿಯುವಾಗ ಎರಡು ಗಿಟಾರುಗಳು ಅದನ್ನು ಹಿಡಿದುಕೊಳ್ಳುತ್ತವೆ. ಆ ಕೂಗಿನಿಂದಲೇ ನಮ್ಮನ್ನು ಮಂಡ್ಯದಿಂದ ಮಳವಳ್ಳಿಯವರೆಗೆ ಜನ ಗುರುತಿಸುತ್ತಿದ್ದರು.

ವಾದ್ಯಗಳು ನಿಂತವು. ಅವನು ಬಾಯಿ ತೆರೆದ. ಅರ್ಧ ದಾರಿಯವರೆಗೆ ದನಿ ಬಂತು. ಅಲ್ಲಿಂದ ಮೇಲೆ ಬರೀ ಗಾಳಿ.

ಮತ್ತೆ ಶುರು ಮಾಡಿದೆವು. ಮತ್ತೆ ಗಾಳಿ. ಮೂರನೇ ಸಲ ಅವನ ಕುತ್ತಿಗೆಯ ನರ ಉಬ್ಬಿದ್ದು ನೋಡಿ ಮೇಷ್ಟ್ರು ಬೇಸಿನ ತಂತಿಗಳ ಮೇಲೆ ಅಂಗೈ ಇಟ್ಟುಬಿಟ್ಟರು. ಹಾಡುಗಾರ ಗಿಟಾರನ್ನು ಗೋಡೆಗೊರಗಿಸಿ ನನ್ನ ಕಡೆ ನೋಡಿದ.

“ಮ್ಯಾಕ್ಕೆ ಓಯ್ತಾ ಇಲ್ಲ ಕಣಮ್ಮಿ. ನೋವೇನಿಲ್ಲ. ಮೆಟ್ಲಿದ್ದ ಜಾಗ್ದಲ್ಲಿ ಮೆಟ್ಲೇ ಇಲ್ಲ, ಅಷ್ಟೆಯ.”

ಅವನಿಗೆ ಆಗಿದ್ದದ್ದು ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆ. ಗಂಟು ತೆಗೆಯಲೇಬೇಕಿತ್ತು, ತೆಗೆದರು, ಜೀವಕ್ಕೆ ಏನೂ ಭಯವಿಲ್ಲ ಎಂದರು. ಗಂಟಲಿನ ಪಕ್ಕದಲ್ಲೇ ಹಾದುಹೋಗುವ ಒಂದು ಸಣ್ಣ ನರಕ್ಕೆ ಪೆಟ್ಟಾಗುವ ಸಂಭವವಿದೆ ಎಂಬುದನ್ನೂ ಮೊದಲೇ ತಿಳಿಸಿದ್ದರು. ಯಾರನ್ನೂ ದೂರುವಂತಿರಲಿಲ್ಲ. ಮಾತು ಮೊದಲಿನ ಹಾಗೇ ಇತ್ತು. ಫೋನಿನಲ್ಲಿ ಕೇಳಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಮೈಸೂರಿನಲ್ಲಿ ದನಿಯ ಚಿಕಿತ್ಸೆ ಮಾಡುವ ಹೆಂಗಸರೊಬ್ಬರ ಹತ್ತಿರ ನಾನೂ ಅವನ ಜೊತೆ ಹೋದೆ. ಅವರು ನೀರಿನ ಬಾಟಲಿಯೊಳಗೆ ಸ್ಟ್ರಾ ಇಳಿಬಿಟ್ಟು ಅದರ ಮೂಲಕ ಗುಳುಗುಳು ಎಂದು ಊದಿಸಿ, ತುಟಿ ಅದುರಿಸಿ, ಮೂಗಿನಲ್ಲಿ ಗುನುಗಿಸಿ ನೋಡಿದರು. ಆಮೇಲೆ ಒಂದು ರಬ್ಬರ್ ಬ್ಯಾಂಡನ್ನು ಎರಡು ಬೆರಳಲ್ಲಿ ಎಳೆದು ಹಿಡಿದು ನನಗೆ ತೋರಿಸಿದರು. “ಎತ್ತರದ ಸ್ವರ ಬೇಕು ಅಂದರೆ ದನಿಯ ತಂತು ಹೀಗೆ ಬಿಗಿಯಬೇಕು. ಬಿಗಿಯುವ ಸ್ನಾಯುವಿಗೆ ಹೇಳಿಕಳಿಸೋದು ಆ ನರ. ಈಗ ಹೇಳಿದ್ದು ಅಲ್ಲಿಗೆ ತಲುಪ್ತಾ ಇಲ್ಲ.”

“ಬತ್ತದಾ ವಾಪಸ್ಸು?” ಹಾಡುಗಾರ ಕೇಳಿದ.

“ಬರಬಹುದು. ಬರದೇ ಇರಬಹುದು. ಒತ್ತಾಯ ಮಾಡಿದರೆ ಈಗಿರೋದೂ ಹಾಳಾಗುತ್ತೆ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ನಿದ್ದೆ ಹೋದ. ನಾನು ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಫೋನಿನಲ್ಲಿದ್ದ ಹಳೆಯ ತಾಲೀಮುಗಳನ್ನು ಕೇಳುತ್ತ ಕೂತೆ. ಒಂದರಲ್ಲಿ ಕೂಗು ಮೇಲೇರಿ ನಿಂತಾಗ ಹೊರಗೆ ಯಾವುದೋ ನಾಯಿ ಜೊತೆಗೂಡುತ್ತದೆ, ಅವನು ಹಾಡಿನ ನಡುವೆಯೇ ನಗುತ್ತಾನೆ. ಆ ದನಿಯ ಒಡೆಯ ನನ್ನ ಪಕ್ಕದಲ್ಲೇ ಕತ್ತು ವಾಲಿಸಿ ಮಲಗಿದ್ದ. ಸತ್ತವರನ್ನು ನೆನೆಯುವುದಕ್ಕೆ ಒಂದು ರೀತಿ ಇದೆ. ಪಕ್ಕದಲ್ಲಿ ಕೂತವನನ್ನೇ ನೆನೆದು ಅಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಮಳವಳ್ಳಿಯ ಕಾಲೇಜೊಂದರ ಮೈದಾನದಲ್ಲಿ ನಮ್ಮ ಕಾರ್ಯಕ್ರಮ ಆಗಲೇ ಒಪ್ಪಿಕೊಂಡಾಗಿತ್ತು. ಅದಕ್ಕೂ ಮುಂಚೆ ಮದ್ದೂರಿನಲ್ಲಿ, ಮೇಷ್ಟ್ರ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಮಾರಂಭದಲ್ಲಿ ಒಂದು. ಡ್ರಮ್ಮಿನವನು ಸುತ್ತಿ ಬಳಸಿ ಮಾತಾಡುವವನಲ್ಲ. ಮದುವೆಗಳಲ್ಲಿ ನುಡಿಸುವ ಒಂದು ಆರ್ಕೆಸ್ಟ್ರಾದವರು ಅವನನ್ನು ಕರೆಯುತ್ತಲೇ ಇದ್ದರು.

“ಬೇರೆಯೋರ್ನ ನೋಡ್ಲೇಬೇಕು ಕಣ್ಲಾ,” ಎಂದು ಅವನು ಹಾಡುಗಾರನಿಗೇ ಹೇಳಿದ. “ನೀನು ಗಿಟಾರ್ ಬಾರ್ಸು. ಪದ ಏಳಕ್ಕೆ ಇನ್ನೊಬ್ಬ ಬರ್ಲಿ. ಇಲ್ಲ ಅಂದ್ರೆ ನಾನು ಓಯ್ತೀನಿ.”

“ನಾನೂ ಅದ್ನೇ ಏಳ್ಬೇಕು ಅಂತಿದ್ದೆ. ಕರಸ್ರಿ,” ಎಂದ ಹಾಡುಗಾರ.

ಮೈಸೂರಿನಿಂದ ಒಬ್ಬ ತರುಣ ಬಂದ. ಬಹಳ ಒಳ್ಳೆಯ ದನಿ. ನಮ್ಮ ಹಾಡುಗಳನ್ನೆಲ್ಲ ಮೊದಲೇ ಕೇಳಿ ಕಲಿತು ಬಂದಿದ್ದ. ಎಲ್ಲವನ್ನೂ ಮೂಲದ ಎತ್ತರದಲ್ಲೇ, ಒಂದು ಕೂದಲೂ ಆಚೀಚೆಯಾಗದ ಹಾಗೆ ಹಾಡಿದ. ಒಂದೇ ತೊಡಕೆಂದರೆ ನಾವು ಬಿಟ್ಟ ಹಕಾರಗಳನ್ನೆಲ್ಲ ಅವನು ಹುಡುಕಿ ತಂದು ಸೇರಿಸುತ್ತಿದ್ದ. ‘ಅಳ್ಳಿ’ ಎಂದು ಇದ್ದಲ್ಲಿ ‘ಹಳ್ಳಿ’ ಎನ್ನುತ್ತಿದ್ದ. ಹಾಡುಗಾರ ಅವನ ಪಕ್ಕ ಸ್ಟೂಲಿನಲ್ಲಿ ಕೂತು ತಿದ್ದಿದ. “ಅಂಗಲ್ಲ ಮಾರಾಯ. ಬಾಯಿ ಇನ್ನೊಂಚೂರು ಸೋಮಾರಿ ಆಗ್ಲಿ.” ಎಲ್ಲರೂ ನಕ್ಕರು. ತಿಂಗಳುಗಳ ಮೇಲೆ ಆ ಮನೆಯೊಳಗೆ ನಗು ಕೇಳಿಸಿತ್ತು.

ಆಮೇಲೆ ‘ನೀರ್ ಬಂತು’ ಬಂತು. ವಾದ್ಯಗಳು ನಿಂತವು. ಕೂಗು ಏರಿತು, ತಗಡಿನ ಸೂರಿಗೆ ತಾಗಿತು, ಇಳಿಯಿತು. ನಾನೂ ಹಾಡುಗಾರನೂ ಅದನ್ನು ಗಿಟಾರಿನಲ್ಲಿ ಹಿಡಿದುಕೊಂಡೆವು. ಏನೂ ಕಡಿಮೆಯಿರಲಿಲ್ಲ. ನಾನು ಇಷ್ಟು ದಿನ ಹಂಬಲಿಸುತ್ತಿದ್ದ ಸ್ವರ ಅದೇ, ಅದೇ ಜಾಗದಲ್ಲಿ ಬಂದಿತ್ತು. ಆದರೆ ಬಾಗಿಲು ಬಡಿದದ್ದು ಕೇಳಿ ಓಡಿ ಹೋಗಿ ತೆರೆದರೆ ಬೇರೆ ಯಾರೋ ನಿಂತಿದ್ದ ಹಾಗಾಯಿತು. ಹಾಡು ಮುಗಿದ ಮೇಲೆ ಹಾಡುಗಾರ “ಚೆಂದಾಗೈತೆ” ಎಂದು ಹೇಳಿ, ತಾಯಿ ಕರೆದರೆಂದು ಹಿಪ್ಪುನೇರಳೆ ತೋಟದ ಕಡೆ ಹೊರಟುಹೋದ. ಅವರು ಕರೆದದ್ದು ನಮಗೆ ಯಾರಿಗೂ ಕೇಳಿಸಿರಲಿಲ್ಲ.

ಆ ತರುಣ ವೈರು ಸುತ್ತುತ್ತ ನನಗೆ ಹೇಳಿದ, “ನಾನು ಬರೋದಕ್ಕೆ ಸಿದ್ಧ ಇದ್ದೀನಿ. ಆದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಹಾಡು ಹಾಡೋದು ನನಗೆ ಕಷ್ಟ ಆಗುತ್ತೆ ಮೇಡಂ. ನೀವು ಯೋಚನೆ ಮಾಡಿ.”

ನಾನು ಯೋಚನೆ ಮಾಡಿದೆ. ಮರುದಿನ ಸಂಜೆ ಮದ್ದೂರಿನಿಂದ ಬಸ್ಸು ಹತ್ತಿ, ಮಂಡ್ಯದಲ್ಲಿ ಇಳಿದು ಇನ್ನೊಂದು ಹಿಡಿದು, ಕೆರಗೋಡಿಗೆ ಹೋಗಿ ಹಾಡುಗಾರನನ್ನು ಎದುರಿಗೆ ಕೂರಿಸಿಕೊಂಡೆ. “ಹೊಸಬ ಬೇಡ. ನಿನ್ನ ದನಿ ಎಲ್ಲಿವರೆಗೆ ಹೋಗುತ್ತೋ ಅಲ್ಲಿಗೆ ಹಾಡುಗಳನ್ನೇ ಇಳಿಸ್ತೀನಿ,” ಎಂದೆ.

“ಎಲ್ಲಾನೂವಾ?”

“ಎಲ್ಲಾನೂ.”

ಡ್ರಮ್ಮಿನವನಿಗೆ ಕೋಪ ಬಂತು. ಮಳವಳ್ಳಿ ಆಗುವ ತನಕ ಇರುತ್ತೇನೆ, ಆಮೇಲೆ ಕೇಳಬೇಡಿ ಎಂದ. ಮೇಷ್ಟ್ರು ಮಾತ್ರ “ಎಷ್ಟು ಇಳಿಸಬೇಕು ಅಂತ ಮೊದಲು ನೋಡು” ಎಂದರು.

ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಲಾಗಿರುವ ಲೋಹದ ಗೀಟುಗಳ ನಡುವಿನ ಜಾಗಕ್ಕೆ ನಾವು ಮನೆ ಎನ್ನುತ್ತೇವೆ. ಒಂದು ಮನೆ ಎಂದರೆ ಅರ್ಧ ಸ್ವರ. ನಾನು ಒಂದೊಂದೇ ಮನೆ ಏರುತ್ತ ಮೀಟಿದೆ, ಅವನು ಅದಕ್ಕೆ ಸರಿಯಾಗಿ ‘ಊ’ ಎನ್ನುತ್ತ ಬಂದ. ದನಿ ಎಲ್ಲಿ ತೆಳುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ನಿಲ್ಲುವ ಜಾಗಕ್ಕಿಂತ ಕೊಂಚ ಕೆಳಗೆ ಗುರುತು ಮಾಡಿಕೊಂಡೆವು. ಹಾಡುಗಳೆಲ್ಲ ಐದು ಮನೆ ಕೆಳಗೆ ಬರಬೇಕಿತ್ತು.

ಬೆರಳಿನ ಜಾಗ ಬದಲಿಸಿ ನುಡಿಸಿದರೆ ಆಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ಹಾಡುಗಳಲ್ಲಿ ಅದು ಆಗುತ್ತಿರಲಿಲ್ಲ. ಎಲ್ಲಕ್ಕೂ ದಪ್ಪನೆಯ ತಂತಿಯನ್ನು ಬೆರಳೊತ್ತದೆ, ತೆರೆದೇ ಮೀಟುತ್ತ, ಅದರ ಗುಂಯ್‌ಗುಡುವಿಕೆಯ ಮೇಲೆ ಉಳಿದದ್ದನ್ನೆಲ್ಲ ಕಟ್ಟಿದ್ದೆವು. ಅದು ಹೋದರೆ ಹಾಡಿನ ನೆಲವೇ ಹೋಗುತ್ತದೆ. ಹಾಗಾಗಿ ಗಿಟಾರುಗಳನ್ನೇ ಇಳಿಸಬೇಕಿತ್ತು.

ಇದ್ದ ತಂತಿಗಳನ್ನು ಅಷ್ಟು ಸಡಿಲಿಸಿದರೆ ಅವು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬೀಳುತ್ತವೆ. ಬೆಂಗಳೂರಿನಿಂದ ದಪ್ಪ ತಂತಿಗಳನ್ನು ತರಿಸಿದೆ. ಅವು ಕುತ್ತಿಗೆಯ ತುದಿಯಲ್ಲಿರುವ ಮೂಳೆಯ ಪಟ್ಟಿಯ ಗೀರುಗಳಲ್ಲಿ ಕೂರಲಿಲ್ಲ. ಸೂಜಿಯಂಥ ಅರದಿಂದ ಗೀರುಗಳನ್ನು ಅಗಲ ಮಾಡಿದೆ. ಮೊದಲನೇ ಗಿಟಾರಿನಲ್ಲಿ ಕೈ ಜಾರಿ ಒಂದು ಗೀರು ಆಳವಾಗಿ, ತಂತಿ ಲೋಹದ ಗೀಟಿಗೆ ತಾಗಿ ಕಿರಗುಟ್ಟತೊಡಗಿತು. ಆ ಪಟ್ಟಿಯನ್ನು ಕಿತ್ತು ಹೊಸದು ಅಂಟಿಸಿ ಮತ್ತೆ ಮೊದಲಿಂದ ಶುರು ಮಾಡಿದೆ. ತಂತಿಯ ಎಳೆತ ಬದಲಾದ್ದರಿಂದ ಕುತ್ತಿಗೆ ಬಾಗಿತು. ಒಳಗಿನ ಕಂಬಿಯನ್ನು ಕಾಲು ಸುತ್ತು ತಿರುಗಿಸಿ, ಮರ ಹೊಂದಿಕೊಳ್ಳಲೆಂದು ಒಂದು ದಿನ ಬಿಟ್ಟು, ಮತ್ತೆ ನೋಡಿ ಮತ್ತೆ ತಿರುಗಿಸಬೇಕಾಯಿತು. ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಹೊತ್ತಿರುವ ಸೇತುವೆಯ ತಿರುಪುಗಳನ್ನು ಹಿಂದಕ್ಕೆ ಸರಿಸಿ, ಮೇಲಿನ ಮನೆಗಳಲ್ಲೂ ಸ್ವರ ತಪ್ಪದಂತೆ ಸರಿಮಾಡಿದೆ. ಎರಡು ಗಿಟಾರಿಗೂ ಇಷ್ಟೂ ಕೆಲಸ.

ಎಲ್ಲ ಸೇರಿ ನುಡಿಸಿದ ಮೊದಲ ದಿನ ಅದು ಸಂಗೀತದ ಹಾಗೆ ಕೇಳಿಸಲಿಲ್ಲ. ಗಿಟಾರುಗಳು ಇಳಿದು ಬೇಸಿನ ಜಾಗಕ್ಕೆ ಬಂದಿದ್ದವು. ಬೇಸ್ ಇನ್ನೂ ಇಳಿದು ಡ್ರಮ್ಮಿನ ಹೊಟ್ಟೆಯೊಳಗೆ ಸೇರಿತ್ತು. ಕೆಸರುಗದ್ದೆಯಲ್ಲಿ ಕಾಲು ಕಿತ್ತಿಡುವಂಥ ಸದ್ದು.

“ಆಲೆಮನೆ ಮಗ್ಗುಲಲ್ಲಿ ನಿಂತಂಗೈತೆ,” ಎಂದ ಡ್ರಮ್ಮಿನವನು.

ಮೇಷ್ಟ್ರು ಬೇಸನ್ನು ಮೇಲಿನ ಮನೆಗಳಿಗೆ ಒಯ್ದರು. ಅಭ್ಯಾಸವಾದ ಬೆರಳುಗಳನ್ನೆಲ್ಲ ಬಿಟ್ಟು, ಹೊಸದಾಗಿ ಕಲಿಯುವವರ ಹಾಗೆ ಕೂತು ನುಡಿಸಿದರು. ಡ್ರಮ್ಮಿನವನು ಗೊಣಗುತ್ತಲೇ ದೊಡ್ಡ ಡ್ರಮ್ಮಿನೊಳಗೆ ತುರುಕಿದ್ದ ಕಂಬಳಿಯನ್ನು ತೆಗೆದು, ಚರ್ಮ ಬಿಗಿದು, ಪೆಟ್ಟು ಚಿಕ್ಕದು ಮಾಡಿದ. ಹಾಡಿನ ಓಟ ಕಡಿಮೆ ಮಾಡಿದೆವು. ಜೋಡಿ ಗಿಟಾರಿನ ಸ್ವರಗಳು ಅಷ್ಟು ಕೆಳಗೆ ಹತ್ತಿರ ಹತ್ತಿರ ಇದ್ದರೆ ಗಲೀಜಾಗುತ್ತಿದ್ದವು. ಅವುಗಳ ನಡುವಿನ ದೂರ ಹೆಚ್ಚಿಸಿದೆ. ದಿನ ಕಳೆದ ಹಾಗೆ ಕೆಸರು ತಿಳಿಯಾಗುತ್ತ ಬಂತು.

ಆದರೂ ನನಗೆ ಹಾಡು ಖಾಲಿ ಎನಿಸುತ್ತಿತ್ತು. ಹಾಡುಗಾರ ಈಗ ಕೆಳಗಿದ್ದ. ಮೊದಲು ಅವನ ದನಿ ಇರುತ್ತಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಅಲ್ಲಿಗೆ ನನ್ನ ಗಿಟಾರನ್ನು ಕಳಿಸಿದೆ. ಅವನು ಕೆಳಗೆ ‘ನೀರ್ ಬಂತು’ ಎಂದಾಗ ನಾನು ಕುತ್ತಿಗೆಯ ಕೊನೆಯ ಮನೆಗಳಲ್ಲಿ ತಂತಿಯನ್ನು ಎಳೆದು, ಅವನ ಹಳೆಯ ಕೂಗು ಎಷ್ಟೆತ್ತರ ಹೋಗುತ್ತಿತ್ತೋ ಅಷ್ಟೇ ಎತ್ತರಕ್ಕೆ ಹೋಗಿ ನಿಲ್ಲುತ್ತಿದ್ದೆ. ಹಳೆಯ ರೆಕಾರ್ಡಿಂಗುಗಳನ್ನು ಕೇಳಿ ಕೇಳಿ ಅದರ ತಿರುವು, ಕೊನೆಯಲ್ಲಿನ ಸಣ್ಣ ನಡುಕ, ಎಲ್ಲವನ್ನೂ ಕಲಿತುಕೊಂಡಿದ್ದೆ. ಚೆನ್ನಾಗಿದೆ ಎಂದು ನನಗನಿಸಿತ್ತು.

ಮದ್ದೂರಿನ ಕಾರ್ಯಕ್ರಮ ಕೆಟ್ಟಿತು. ತಾಳ ತಪ್ಪಲಿಲ್ಲ, ಶ್ರುತಿ ತಪ್ಪಲಿಲ್ಲ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿ, ನಡುನಡುವೆ ಎದ್ದು ಊಟದ ಕಡೆ ಹೋದರು. ‘ನೀರ್ ಬಂತು’ ಹಾಡಿನಲ್ಲಿ ಹಾಡುಗಾರ ನನ್ನ ಕಡೆ ತಿರುಗಿ ನೋಡಿ ಒಂದು ಸಾಲನ್ನು ನುಂಗಿಕೊಂಡ. ಮುಗಿದ ಮೇಲೆ ಒಬ್ಬ ಹಳೆಯ ವಿದ್ಯಾರ್ಥಿ ಮೇಷ್ಟ್ರ ಹತ್ತಿರ ಬಂದು, “ಗಿಟಾರು ಭಾರಿ ಚೆನ್ನಾಗಿತ್ತು ಸಾರ್. ಅವ್ರಿಗೆ ಮೈ ಉಸಾರಿರ್ಲಿಲ್ವಾ?” ಎಂದು ಕೇಳಿದ. ಹಾಡುಗಾರ ಅಲ್ಲೇ ನಿಂತು ತಂತಿ ಒರೆಸುತ್ತಿದ್ದ.

ಮಾರನೇ ಬೆಳಿಗ್ಗೆ ಅವನು ಮದ್ದೂರಿನ ಪಕ್ಕದ ವೈದ್ಯನಾಥಪುರದ ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ, ಹೊಳೆಯ ಕಡೆ ಹೋಗೋಣ ಎಂದ. ದೇವಸ್ಥಾನದ ಹಿಂದೆ ಶಿಂಷಾ ಹೊಳೆಯಲ್ಲಿ ಯಾರೋ ಹೆಂಗಸರು ಕಂಬಳಿ ಒಗೆಯುತ್ತಿದ್ದರು. ಮೆಟ್ಟಿಲ ಮೇಲೆ ಕೂತೆವು. ಬ್ಯಾಂಡ್ ಬಿಡುತ್ತೇನೆ ಎನ್ನುವುದಕ್ಕೇ ಬಂದಿದ್ದಾನೆ ಎಂದುಕೊಂಡೆ.

“ನೀನು ನನ್ನ ಅಳೇ ಗಂಟ್ಲು ಬಾರುಸ್ತಿದ್ದೀಯ,” ಎಂದ.

ನಾನು ಹೊಳೆಯ ಕಡೆ ತಿರುಗಿದೆ.

“ಕೆಳಗೆ ನಾನು ಏನೋ ನಂಗೆ ಬಂದಂಗೆ ಏಳ್ತಿರ್ತೀನಿ. ಮ್ಯಾಲೆ ಅದು ನಿಂತ್ಕಂಡು ನನ್ನೇ ನೋಡ್ತಿರ್ತದೆ. ನಿನ್ನೆ ಅದ್ನ ಕೇಳ್ದಾಗ ನಂಗೇ ಅನ್ನುಸ್ತು, ಅವ್ನೇ ಆಡ್ಲಿ ಬುಡು, ನಾನ್ಯಾಕೆ ನಡುವೆ ಅಂತ.”

“ಅಲ್ಲಿ ಏನೂ ಇಲ್ದೆ ಹೋದ್ರೆ ನಂಗೆ ಆಗಲ್ಲ ಕಣೋ,” ಎಂದೆ.

“ಗೊತ್ತು ಕಣಮ್ಮಿ. ನಂಗೇನ್ ಆಯ್ತದಾ? ಆದ್ರೆ ಇರಾದು ಇಷ್ಟೆಯ. ಇದ್ರಲ್ಲಿ ಏನಾದ್ರೂ ಐತಾ ಅಂತ ನಂಗೆ ನೋಡ್ಬೇಕು. ನೀನು ಅದ್ನ ಮ್ಯಾಲೆ ಇಟ್ಕಂಡಿರ ಗಂಟ ನಂಗೆ ಗೊತ್ತಾಗಕಿಲ್ಲ.”

ಕಂಬಳಿ ಒಗೆಯುತ್ತಿದ್ದ ಹೆಂಗಸರು ಹಿಂಡಿ ಮುಗಿಸಿ ಬಂಡೆಯ ಮೇಲೆ ಹರಡಿ ಹೋದರು. ನಾವೂ ಎದ್ದೆವು. ಮೇಲಿನ ಜಾಗವನ್ನು ಖಾಲಿ ಬಿಡುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ. ಆ ಇಡೀ ಕೆಲಸದಲ್ಲಿ ನಾನು ಮಾಡಿದ ನಿಜವಾದ ತೀರ್ಮಾನ ಅದೊಂದೇ. ಉಳಿದದ್ದೆಲ್ಲ ತಂತಿ, ತಿರುಪುಗಳ ಲೆಕ್ಕ.

ಮಾತು ಕೊಡುವುದು ಸುಲಭವಿತ್ತು. ತಾಲೀಮಿನಲ್ಲಿ ಅವನ ಸಾಲು ಬಂದ ಕೂಡಲೇ ನನ್ನ ಎಡಗೈ ತಾನಾಗಿ ಮೇಲಿನ ಮನೆಗಳಿಗೆ ಓಡುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಕೊನೆಗೆ ತಲೆಗೂದಲಿನ ಬ್ಯಾಂಡೊಂದನ್ನು ಬಿಚ್ಚಿ ಹತ್ತನೇ ಮನೆಯ ಮೇಲೆ ಗಿಟಾರಿನ ಕುತ್ತಿಗೆಗೆ ಸುತ್ತಿಬಿಟ್ಟೆ. ಕೈ ಅದಕ್ಕೆ ತಾಗಿದರೆ ಅಲ್ಲಿಂದಾಚೆಗೆ ಹೋಗುವಂತಿಲ್ಲ ಎಂದು ನೆನಪಾಗುತ್ತಿತ್ತು. ನಾನು ಪ್ರೀತಿಯಿಂದ ಕಟ್ಟಿದ್ದ ಉದ್ದನೆಯ ಒಂದು ನುಡಿಸಾಣಿಕೆಯನ್ನು ಪೂರ್ತಿ ತೆಗೆದುಹಾಕಿದೆ. ಆ ಕೂಗು ಇದ್ದ ಜಾಗದಲ್ಲಿ ವಾದ್ಯಗಳು ಮೊದಲಿನ ಹಾಗೇ ನಿಲ್ಲುತ್ತಿದ್ದವು. ಅವನು ಅಲ್ಲಿ ಏನು ಮಾಡಬೇಕೆಂದು ತಿಳಿಯದೆ, ಒಂದು ದಿನ ಹಾಡಿದ, ಒಂದು ದಿನ ಸುಮ್ಮನೆ ನಿಂತ, ಒಂದು ದಿನ ಬರೀ ಮಾತಾಡಿದ.

“ಆ ಕೊನೇದು ಇರ್ಲಿ,” ಎಂದ ಡ್ರಮ್ಮಿನವನು. ಅಷ್ಟು ದಿನಗಳಲ್ಲಿ ಅವನು ಗೊಣಗದೆ ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ಹಾಡುಗಾರನ ತಾಯಿ ಬಂದು, ಮರಿಹುಳು ಬರುವ ದಿನ ಹತ್ತಿರವಾಯಿತು, ಮನೆಗೆ ಇನ್ನೊಂದು ಸಲ ಔಷಧಿ ಹೊಡೆಯಬೇಕು, ಸಾಮಾನು ಎತ್ತಿ ಎಂದರು. ಎತ್ತಿಕೊಂಡು ಮಳವಳ್ಳಿಗೆ ಹೋದೆವು.

ಮೈದಾನದಲ್ಲಿ ಇನ್ನೂ ಬೆಳಕಿತ್ತು. ವಿದ್ಯಾರ್ಥಿಗಳು, ಅವರ ಮನೆಯವರು, ಸಂತೆ ಮುಗಿಸಿ ಬಂದ ಒಂದಷ್ಟು ಜನ. ಸೌಂಡಿನವನಿಗೆ ನಾನು ಮೊದಲೇ ಹೇಳಿದ್ದೆ, ಹಾಡುಗಾರನ ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದು, ಗಿಟಾರುಗಳ ಸದ್ದನ್ನು ಅದರ ಹಿಂದೆ ಇಡಬೇಕೆಂದು. ಮೊದಲ ಎರಡು ಹಾಡು ಹಾಗೂ ಹೀಗೂ ಹೋದವು. ‘ನೀರ್ ಬಂತು’ ಶುರುವಾದಾಗ ಹಳೆಯ ಹಾಡು ಗೊತ್ತಿದ್ದವರು ಕೂಗಿಗಾಗಿ ಕಾದು ಕೈ ಮೇಲೆತ್ತಿದ್ದು ಕಂಡಿತು.

ವಾದ್ಯಗಳು ನಿಂತವು. ಅವನು ಮೈಕಿಗೆ ಬಾಗಿ, ಗದ್ದೆಯಿಂದ ಬಂದವನು ಜಗಲಿಯ ಮೇಲೆ ಕೂತವನಿಗೆ ಹೇಳುವ ಹಾಗೆ, “ನೀರ್ ಬಂತು ಕಣ್ಲಾ,” ಎಂದ. ಇನ್ನೊಮ್ಮೆ ಹೇಳಿದ, ಅದಕ್ಕಿಂತಲೂ ಮೆಲ್ಲಗೆ. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಮೈದಾನದಲ್ಲಿ ಸದ್ದಿರಲಿಲ್ಲ. ಎರಡು ಗಿಟಾರು ಕೆಳಗಿನಿಂದಲೇ ಎದ್ದು ಬಂದವು, ಅವನದು ಮತ್ತು ನನ್ನದು. ನನ್ನ ಎಡಗೈ ಇದ್ದಲ್ಲೇ ಇತ್ತು.

ಹಾಡು ಮುಗಿಯಿತು. ಆಮೇಲೆ ಚಪ್ಪಾಳೆ ಬಂತು, ಮದ್ದೂರಿನ ಹಾಗಲ್ಲ.

ವೇದಿಕೆ ಇಳಿದಾಗ ನಡುವಯಸ್ಸಿನವರೊಬ್ಬರು ಹಾಡುಗಾರನ ಕೈ ಹಿಡಿದುಕೊಂಡರು. “ನಮ್ಮಪ್ಪ ಇಂಗೇ ಬಂದು ಏಳೋನು ಕಣಪ್ಪ. ಕೂಗ್ತಿರ್ಲಿಲ್ಲ. ಬಾಗ್ಲಲ್ಲಿ ನಿಂತ್ಕಂಡು, ಮಲಗಿರೋ ಮಕ್ಳು ಏಳ್ಬಾರ್ದು ಅಂತ ಇಂಗೇ ಏಳೋನು.” ಕೈ ಬಿಟ್ಟು ಹೊರಟುಹೋದರು. ಡ್ರಮ್ಮಿನವನು ಅವರು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದ. ಆರ್ಕೆಸ್ಟ್ರಾದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಅದಾದ ಮೇಲೆ ಹಲವು ಕಡೆ ನುಡಿಸಿದ್ದೇವೆ. ಗಿಟಾರುಗಳು ಈಗಲೂ ಐದು ಮನೆ ಕೆಳಗೇ ಇವೆ. ಆ ದನಿಗೆಂದೇ ಹೊಸ ಹಾಡುಗಳೂ ಆಗಿವೆ. ಮೇಲಿನ ಸ್ವರ ಬರಲಿಲ್ಲ, ಬರುವ ಸೂಚನೆಯೂ ಇಲ್ಲ. ಆದರೆ ಆ ಸಂಜೆ ಮಳವಳ್ಳಿಯಲ್ಲಿ ಸಾಮಾನು ಕಟ್ಟುವಾಗ ಆಡಿದ ಮಾತನ್ನು ಆಮೇಲೆ ನಾವಿಬ್ಬರೂ ಎಂದೂ ಆಡಿಲ್ಲ.

ನಾನು ಆಂಪ್ಲಿಫೈಯರಿನ ವೈರು ಸುತ್ತುತ್ತಿದ್ದೆ. ಅವನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದ.

“ಚೆಂದಾಗಿತ್ತು, ಅಲ್ವಾ?” ಎಂದ.

“ತುಂಬಾ.”

ಚೀಲದ ಜಿಪ್ಪು ಅರ್ಧಕ್ಕೆ ನಿಂತಿತು. ಅವನು ತಲೆ ಎತ್ತಲಿಲ್ಲ.

“ನಾನು ಇಲ್ಲಿ ಕೆಳಗೆ ಏಳ್ತಿರ್ಬೇಕಾದ್ರೆ, ನಿಂಗೆ ಆ ಅಳೇ ಕೂಗು ಇನ್ನೂ ಮ್ಯಾಲೇ ಕೇಳುಸ್ತದಾ?”

ಸುಳ್ಳು ಹೇಳಬಹುದಿತ್ತು. “ಕೇಳುಸ್ತದೆ,” ಎಂದೆ.

ಅವನು ಜಿಪ್ಪನ್ನು ಕೊನೆಯವರೆಗೆ ಎಳೆದು, ಚೀಲವನ್ನು ಹೆಗಲಿಗೇರಿಸಿ ಎದ್ದ.

“ನಂಗೂವೆ,” ಎಂದು ಹೇಳಿ ವ್ಯಾನಿನ ಕಡೆ ನಡೆದ.